ಅಕ್ಕನ ಕೆಂಪು ಎಳೆಗಳು

ಇಳಕಲ್ಲಿನ ನಮ್ಮ ಓಣಿಯ ವಾಚನಾಲಯದ ಪುಸ್ತಕಗಳನ್ನು ಇವತ್ತು ಗೋಣಿಚೀಲಕ್ಕೆ ತುಂಬಿ ರದ್ದಿಗೆ ಹಾಕುತ್ತಿದ್ದರು. ವರ್ಷಗಟ್ಟಲೆ ಬೀಗ ಜಡಿದು ಗೆದ್ದಲಿಗೆ ಒಪ್ಪಿಸಿದವರಿಗೆ ನಾಚಿಕೆಯಾದರೂ ಆಗಬೇಕಿತ್ತು. ಮುಗ್ಗಲು ವಾಸನೆಯ ಆ ರಾಶಿಯಲ್ಲಿ ಮಾಯಾಲೋಕದ ಒಂದು ಹಳೆಯ ಕಾದಂಬರಿ ಸಿಕ್ಕಿತು. ಹಾಳೆಗಳ ನಡುವೆ ಕೆಂಪು ರೇಷ್ಮೆ ಎಳೆಗಳಿದ್ದವು.

ಅವು ನನ್ನ ಅಕ್ಕ ಇಟ್ಟವು. ಸಾಲೆ ಬಿಡಿಸಿ ಅವಳನ್ನು ಮಗ್ಗದ ಕೆಲಸಕ್ಕೆ ಕೂರಿಸಿದ್ದರು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಕೈಗೆ ಬಿಡುವಿಲ್ಲದ ಅವಳಿಗೆ ನಾನು ಓದಿ ಹೇಳುತ್ತಿದ್ದೆ. ಮಾತೊಂದು ಹಿಡಿಸಿದರೆ, "ತಡಿಯೋ, ಅದನ್ನ ಇನ್ನೊಮ್ಮೆ ಓದು" ಎಂದು ಆ ಹಾಳೆಗೆ ತುಂಡು ಎಳೆ ಇಡುತ್ತಿದ್ದಳು.

ಈ ಕಾದಂಬರಿಯಲ್ಲಿ ಶಾಪಕ್ಕೆ ಸಿಕ್ಕ ರಾಜಕುಮಾರಿ, "ಕಾಲು ಕಲ್ಲಾಗಿದೆ, ಕಿವಿ ಇನ್ನೂ ಆಗಿಲ್ಲ, ಹೇಳುತ್ತಾ ಇರು" ಎನ್ನುವಾಗ ಅಕ್ಕನ ಕೈ ನಿಂತಿತು. ಅಂದು ಕೊಂಡಿ ತಪ್ಪಿತು.

"ಕಥಿ ಕೇಳಿ ಸೀರಿ ಕೆಡಿಸಿದೇನವ್ವಾ? ಇನ್ನ ಮನ್ಯಾಗ ಪುಸ್ತಕ ಬ್ಯಾಡ" ಎಂದ ಅಪ್ಪ, ಕೊನೆಯ ಅಧ್ಯಾಯ ಉಳಿದಿರುವಾಗಲೇ ಅದನ್ನು ವಾಚನಾಲಯಕ್ಕೆ ಮರಳಿಸಿದ. ಮುಂದೆ ಅಕ್ಕನ ಮದುವೆಯಾಯಿತು. ಬಾಣಂತಿಯಾಗಿ ಬಾಗಲಕೋಟೆಯ ದವಾಖಾನೆಯಲ್ಲಿ ಸಾಯುವ ಮುಂಚೆ ಕೇಳಿದಳು:

"ತಮ್ಮಾ, ಆ ಹುಡುಗಿ ಕಲ್ಲಿಂದ ಎದ್ದಳೇನೋ?"

"ಎದ್ದಳಕ್ಕಾ" ಎಂದೆ. ಸುಳ್ಳು. ಅವಳಿಲ್ಲದೆ ನಾನು ಆ ಪುಸ್ತಕ ಮುಟ್ಟಿರಲಿಲ್ಲ.

ಇವತ್ತು ಕೊನೆಯ ಅಧ್ಯಾಯ ತೆರೆದರೆ ಬರೀ ಗೆದ್ದಲ ಮಣ್ಣು ಉದುರಿತು.

"ಅರ್ಧಾ ಪುಸ್ತಕ ತಗೊಂಡ್ ಏನ್ ಮಾಡ್ತೀರಿ, ಸರ?" ಎಂದ ರದ್ದಿಯವ.

"ಓದ್ತೇನಿ" ಎಂದೆ. ಮನೆಗೆ ಬಂದು, ಎಳೆಯಿದ್ದ ಮೊದಲ ಹಾಳೆ ತೆರೆದೆ. ಅದನ್ನು ಗಟ್ಟಿಯಾಗಿ, ಇನ್ನೊಮ್ಮೆ ಓದತೊಡಗಿದೆ.