ಹಂಗಿಲ್ಲದ ವ್ಯಾನು

ನನ್ನ ಅಳಿಯ ಎಲೆಕ್ಷನ್ನಿಗೆ ನಿಂತದ್ದು ನನ್ನ ಬಚ್ಚಲಮನೆಯ ದೆಸೆಯಿಂದ. ಅವನನ್ನು ಕೇಳಿದರೆ ಸ್ವಾತಂತ್ರ್ಯ, ತೆರಿಗೆ ಅಂತ ದೊಡ್ಡ ಮಾತು ಶುರುಮಾಡುತ್ತಾನೆ. ನಾನು ಕಣ್ಣಾರೆ ಕಂಡದ್ದು ಬಚ್ಚಲು.

ಕ್ಯಾಲಿಫೋರ್ನಿಯಾದಲ್ಲಿ 680 ಫ್ರೀವೇ ಇಳಿದು ಸ್ವಲ್ಪ ದೂರ ಬಂದರೆ ನಮ್ಮ ಮನೆ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ನನ್ನ ಮಂಡಿಗೆ ಮೆಟ್ಟಿಲು ಆಗದು. ಕೆಳಗೆ ಸೋಫಾದ ಪಕ್ಕ ಮಂಚ ಹಾಕಿಕೊಂಡು ಮಲಗುತ್ತಿದ್ದೆ. ಅಳಿಯನಿಗೆ ಅದು ಸರಿಬರಲಿಲ್ಲ. ಹಿತ್ತಲಲ್ಲಿ ನನಗೊಂದು ರೂಮು, ಅದಕ್ಕೊಂದು ಬಚ್ಚಲು ಕಟ್ಟಿಸುತ್ತೇನೆ ಅಂತ ನಕ್ಷೆ ಬರೆಸಿ ಸರ್ಕಾರದ ಆಫೀಸಿನಲ್ಲಿ ಪರ್ಮಿಟ್ಟಿಗೆ ಕೊಟ್ಟ. ಬಚ್ಚಲ ಪೈಪು ಸರಿಯಿಲ್ಲ ಅಂದರು. ಸರಿಮಾಡಿಸಿದ. ಕಿಟಕಿ ಚಿಕ್ಕದಾಯಿತು ಅಂದರು. ದೊಡ್ಡದು ಮಾಡಿಸಿದ. ಕಿಟಕಿ ದೊಡ್ಡದಾದ್ದರಿಂದ ಗೋಡೆ ಬದಲಾಯಿತು, ಗೋಡೆ ಬದಲಾದ್ದರಿಂದ ನಕ್ಷೆ ಮೊದಲಿಂದ ಬರಲಿ ಅಂದರು. ಹಿತ್ತಲ ಮಣ್ಣು ಪರೀಕ್ಷೆಗೆ ಹೋಯಿತು. ಅಷ್ಟು ಹೊತ್ತಿಗೆ ಊರಿನಲ್ಲಾಗಿದ್ದರೆ ಮನೆ ಕಟ್ಟಿ, ಒಕ್ಕಲಾಗಿ, ಗೋಡೆಗೆ ಎರಡನೇ ಸಲ ಸುಣ್ಣ ಹೊಡೆಸುವ ಕಾಲ ಬಂದಿರುತ್ತಿತ್ತು.

ಒಂದು ಸಂಜೆ ಆ ಕಾಗದಗಳನ್ನು ಊಟದ ಟೇಬಲ್ಲಿನ ಮೇಲೆ ಎಸೆದು, "ಅತ್ತೆ, ಹಿತ್ಲು ನಂದು, ದುಡ್ಡು ನಂದು, ಇರೋಳು ನಮ್ಮತ್ತೆ. ಮಧ್ಯೆ ಇವ್ರ್ಯಾರು?" ಅಂದ.

"ಬಚ್ಚಲಿಗೆ ಹೋಗೋಳು ನಾನು. ನನ್ನೂ ಯಾರೂ ಕೇಳ್ಲಿಲ್ಲ ಬುಡು" ಅಂದೆ.

ಈ ಸಿಟ್ಟು ಅವನಿಗೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಅವನು ನನ್ನ ತಮ್ಮನ ಮಗ. ಮಗಳನ್ನು ಕೊಡುವ ಮೊದಲೇ ನಾನು ಅವನಿಗೆ ಸೋದರತ್ತೆ. ಮಂಡ್ಯದ ಹತ್ತಿರ ನನ್ನ ತಮ್ಮ ಹಿಟ್ಟಿನ ಗಿರಣಿ ಇಟ್ಟಿದ್ದ. ವರ್ಷಕ್ಕೊಂದು ಸಲ ಲೈಸೆನ್ಸು ನೋಡಲು ಒಬ್ಬ ಸಾಹೇಬರು ಬರುತ್ತಿದ್ದರು. ಬಂದವರು ಕಾಗದಕ್ಕಿಂತ ಹೆಚ್ಚಾಗಿ ರಾಗಿ ಹಿಟ್ಟನ್ನು ನೋಡುತ್ತಿದ್ದರು. ಅದನ್ನು ಚೀಲಕ್ಕೆ ತುಂಬಿ ಸಾಹೇಬರ ಸ್ಕೂಟರಿಗೆ ಕಟ್ಟುವ ಕೆಲಸ ಈ ಹುಡುಗನದು. ಕಟ್ಟುವಾಗ ಅವನ ಮುಖ ಹೇಗಿರುತ್ತಿತ್ತು ಅಂತ ನಾನು ನೋಡಿದ್ದೇನೆ. ಪರ್ಮಿಟ್ಟಿನ ಕಾಗದ ಎಸೆದ ದಿನವೂ ಅದೇ ಮುಖ. ಇಲ್ಲಿ ಯಾರೂ ಹಿಟ್ಟು ಕೇಳಲಿಲ್ಲ, ಅದು ನಿಜ. ಹಿಟ್ಟು ಕೊಟ್ಟು ಮುಗಿಸೋಣ ಅಂದರೆ ಅದಕ್ಕೂ ದಾರಿ ಇರಲಿಲ್ಲ.

ಅಳಿಯನಿಗೆ ಬಹುವಚನ ಕೊಡಬೇಕು ಅನ್ನುತ್ತಾರೆ. ಮೂಗು ಒರೆಸಿದ ಕೈಗೆ ಆ ಮರ್ಯಾದೆ ಗೊತ್ತಾಗುವುದಿಲ್ಲ. ನಾನು ಅವನನ್ನು ಈಗಲೂ "ಲೋ" ಅಂತಲೇ ಕರೆಯುತ್ತೇನೆ.

ಈ ದೇಶದಲ್ಲಿ ಎರಡು ದೊಡ್ಡ ಪಕ್ಷ. ಇವನು ಎರಡನ್ನೂ ಬಿಟ್ಟು ಲಿಬರ್ಟೇರಿಯನ್ ಅನ್ನುವವರ ಜೊತೆ ಸೇರಿ ರಾಜ್ಯದ ಅಸೆಂಬ್ಲಿಗೆ ನಿಂತ. ನಮ್ಮ ಕಡೆಯ ಎಂಎಲ್‌ಎ ಇದ್ದ ಹಾಗೆ. ಸರ್ಕಾರ ಜನರ ಮನೆ ಬಾಗಿಲಿನಾಚೆ ನಿಲ್ಲಬೇಕು ಅನ್ನುವುದು ಅವರ ಮತ. ಪಾಂಪ್ಲೆಟ್ಟನ್ನು ಮೊಮ್ಮಗಳು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಓದಿ ಹೇಳಿದಳು. ಅವರವರ ಜಾಗದಲ್ಲಿ ಅವರವರು ಮನೆ ಕಟ್ಟಿಕೊಳ್ಳಲಿ. ಒಪ್ಪಿದೆ. ಮನೆಯಲ್ಲಿ ಅಡುಗೆ ಮಾಡಿ ಮಾರುವವರನ್ನು ಕಾಡಬಾರದು. ಒಪ್ಪಿದೆ. ತಲೆಕೂದಲು ಕತ್ತರಿಸಲು ಲೈಸೆನ್ಸು ಯಾಕೆ? ನಮ್ಮೂರಿನಲ್ಲಿ ಮರದಡಿ ಕೂತು ಕತ್ತರಿಸುತ್ತಿದ್ದವನಿಗೆ ಯಾರು ಕೊಟ್ಟಿದ್ದರು, ಒಪ್ಪಿದೆ. ಮಕ್ಕಳನ್ನು ಯಾವ ಸ್ಕೂಲಿಗೆ ಕಳಿಸಬೇಕೋ ಅಪ್ಪ ಅಮ್ಮ ಆರಿಸಲಿ, ತೆರಿಗೆಯ ದುಡ್ಡು ಮಗುವಿನ ಹಿಂದೆ ಹೋಗಲಿ. ನಾನು ಮೂರನೇ ಕ್ಲಾಸಿಗೇ ಬಿಟ್ಟವಳು, ಅದರಲ್ಲಿ ಬಾಯಿ ಹಾಕಲಿಲ್ಲ. ಯಾರು ಏನು ಸೇದಿದರೂ ಸರ್ಕಾರಕ್ಕೇನು ಅಂತ ಕೊನೆಯಲ್ಲಿ ಇತ್ತು.

"ಇದನ್ನ ಕನ್ನಡದೋರ ಮುಂದೆ ಓದ್ಬೇಡ ಅನ್ನು ನಿಮ್ಮಪ್ಪಂಗೆ" ಅಂದೆ.

ಅವನು ಓದಿದ.

ಮನೆಯ ಹಿತ್ತಲಲ್ಲೇ ಸಭೆ. ಮಂಡ್ಯ, ಹಾಸನ, ಬೆಂಗಳೂರು ಕಡೆಯ ನಮ್ಮವರೆಲ್ಲ ಬಂದಿದ್ದರು. ನಾನು ಮಸಾಲೆ ವಡೆ ಮಾಡಿದ್ದೆ. ಜನ ವಡೆಗೆ ಬಂದರೋ ಭಾಷಣಕ್ಕೆ ಬಂದರೋ ಹೇಳಲಾರೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಹತ್ತಿರದ ಸ್ಯಾನ್ ರಮೋನ್ ಊರಿನಲ್ಲಿರುವ ಹಾಸನದ ಹೆಂಗಸೊಬ್ಬಳು ಕೇಳಿದಳು: "ವಯಸ್ಸಾದೋರ ಸೆಂಟರ್ ಇದ್ಯಲ್ಲ ಸಾರ್, ಅಜ್ಜಿ ಹೋಗೋದು, ಅದಕ್ಕೆ ಸ್ಟೇಟ್‌ನವ್ರೇ ದುಡ್ಡು ಕೊಡೋದು. ಅದನ್ನೇನ್ ಮಾಡ್ತೀರ?"

ಆ ಸೆಂಟರಿನ ವಿಷಯ ಹೇಳಬೇಕು. ವಾರದ ದಿನ ಬೆಳಿಗ್ಗೆ ಒಂದು ಬಿಳಿ ವ್ಯಾನು ನಮ್ಮ ಮನೆ ಮುಂದೆ ನಿಲ್ಲುತ್ತದೆ. ಓಡಿಸುವವನು ಫಿಲಿಪೀನ್ಸಿನವನು. "ಗುಡ್ ಮಾರ್ನಿಂಗ್ ಮಾಮ್" ಅನ್ನುತ್ತಾನೆ, ಬೆಲ್ಟು ಹಾಕುತ್ತಾನೆ, ಮುಗಿಯಿತು. ಸೆಂಟರಿನಲ್ಲಿ ಕುರ್ಚಿಯ ಮೇಲೆ ಕೂತೇ ಕೈಕಾಲು ಆಡಿಸುವ ವ್ಯಾಯಾಮ, ನರ್ಸು ಬಿಪಿ ನೋಡುತ್ತಾಳೆ, ಬಿಸಿ ಊಟ ಸಿಗುತ್ತದೆ. ಊಟಕ್ಕೆ ಉಪ್ಪಿಲ್ಲ, ಹೋಗಲಿ. ಒಬ್ಬಳು ಪಂಜಾಬಿ, ಒಬ್ಬಳು ಚೀನಾದವಳು, ಇಬ್ಬರಿಗೂ ನಾನು ಚೌಕಾಬಾರ ಕಲಿಸಿದ್ದೇನೆ. ಮೂವರಲ್ಲಿ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಮೋಸ ಮಾಡಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಮಗಳು ಅಳಿಯ ಆಫೀಸಿಗೆ ಹೋದ ಮೇಲೆ ಫ್ರಿಜ್ಜಿನ ಸದ್ದು ಕೇಳುತ್ತಾ ಕೂತ ದಿನಗಳನ್ನು ನಾನು ಕಂಡಿದ್ದೇನೆ. ಆ ವ್ಯಾನು ಬಂದ ಮೇಲೆ ನನಗೆ ಬೆಳಗಾಗುವುದು ಶುರುವಾಯಿತು.

ಬೇರೆ ಯಾರೇ ಆಗಿದ್ದರೂ ಹಾಸನದವಳ ಪ್ರಶ್ನೆಗೆ "ನೋಡೋಣ, ವಿಚಾರ ಮಾಡೋಣ" ಅಂತ ನುಣುಚಿಕೊಳ್ಳುತ್ತಿದ್ದರು. ಇವನಿಗೆ ಆ ಬುದ್ಧಿ ಎಲ್ಲಿಂದ ಬರಬೇಕು?

"ನಿಲ್ಲಿಸ್ತೀನಿ" ಅಂದ. "ಅದು ಸ್ಟೇಟ್ ಮಾಡೋ ಕೆಲ್ಸ ಅಲ್ಲ. ಮನೆಯವ್ರು ಮಾಡ್ಬೇಕು, ನೇಬರ್ಸ್ ಮಾಡ್ಬೇಕು, ಮನಸ್ಸಿದ್ದೋರು ಸೇರಿ ಮಾಡ್ಬೇಕು. ನಮ್ಮತ್ತೇನ ನಾನ್ ನೋಡ್ಕೋತೀನಿ."

ನಾನು ವಡೆಯ ತಟ್ಟೆ ಹಿಡಿದು ಅವನ ಪಕ್ಕದಲ್ಲೇ ನಿಂತಿದ್ದೆ.

"ಲೋ, ಬೆಳಿಗ್ಗೆ ನನ್ನ ಕರ್ಕೊಂಡೋಗೋರು ಯಾರ್ಲಾ?"

"ಅಮ್ಮ! ಜನ ಇದಾರೆ, ಲೋ ಅನ್ಬೇಡ" ಅಂದಳು ಮಗಳು.

"ನಾನೇ ಕರ್ಕೊಂಡ್ ಹೋಗ್ತೀನಿ ಅತ್ತೆ" ಅಂದ ಅಳಿಯ.

"ನೀನಾ? ನಿಂಗೆ ಬೆಳಗಿಂದ ಸಂಜೆಗಂಟ ಮೀಟಿಂಗು."

"ನಾನಿಲ್ದಿದ್ರೆ ಇಲ್ಲಿರೋರು ಯಾರಾದ್ರೂ ಬರ್ತಾರೆ. ಬೇಕಾದ್ರೆ ಟ್ರೈ ಮಾಡೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ಜನ ಅಲ್ಲೇ ಫೋನಿನಲ್ಲಿ ಗ್ರೂಪು ಮಾಡಿಕೊಂಡರು. ಸ್ವಲ್ಪ ದಿನ ವ್ಯಾನು ಬೇಡ ಅಂತ ಮಗಳ ಕೈಲಿ ಸೆಂಟರಿಗೆ ಹೇಳಿಸಿದೆ. ನನಗೂ ನೋಡುವ ಆಸೆ ಇತ್ತು. ಇವನು ಹೇಳಿದ್ದು ನಡೆದರೆ ನಡೆಯಲಿ, ನನ್ನದೇನು ಹೋಗಬೇಕು ಅಂದುಕೊಂಡೆ.

ಮೊದಲ ದಿನ ಅಳಿಯನದೇ ಕಾರು. ಹತ್ತಿದ ಕೂಡಲೇ ಅವನ ಫೋನು ಬಂತು. ಮಾತಾಡುತ್ತಾ ಫ್ರೀವೇ ಹತ್ತಿದ. ಸೆಂಟರಿಗೆ ಫ್ರೀವೇ ಯಾಕೆ ಅನ್ನಿಸಿತು. ಏನೋ ಹೊಸ ದಾರಿ ಇರಬೇಕು ಅಂತ ಸುಮ್ಮನಿದ್ದೆ. ಸಮುದ್ರದ ಮೇಲಿನ ಉದ್ದನೆಯ ಸೇತುವೆ ಬಂದಾಗ ಖಾತ್ರಿಯಾಯಿತು. ಹೇಳೋಣ ಅಂದರೆ ಅವನು ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದ. ಸರಿ, ನೀರಾದರೂ ನೋಡೋಣ ಅಂತ ಕಿಟಕಿ ಕಡೆ ತಿರುಗಿದೆ. ಮೆನ್ಲೋ ಪಾರ್ಕ್ ಅನ್ನುವ ಊರಿನಲ್ಲಿ ಅವನ ಆಫೀಸಿನ ಮುಂದೆ ಕಾರು ನಿಂತಿತು. ಬ್ಯಾಗು ತೆಗೆದುಕೊಳ್ಳಲು ಹಿಂದೆ ತಿರುಗಿದವನು, "ಅಯ್ಯಯ್ಯೋ, ಅತ್ತೆ!" ಅಂದ.

"ಇಲ್ಲೂ ಬಿಪಿ ನೋಡ್ತಾರೇನ್ಲಾ?" ಅಂದೆ.

ಅವತ್ತು ಅವನ ಆಫೀಸಿನಲ್ಲೇ ಕೂತೆ. ಊಟ ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನದಿಂದ ಗ್ರೂಪಿನವರ ಪೈಕಿ ಹಾಸನದವಳೊಬ್ಬಳೇ ಬಂದಳು. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಕಾರೂ ಚೊಕ್ಕಟ. ಅವಳ ಮೇಲೆ ತಪ್ಪು ಹೇಳಲಾರೆ. ಹೊರಟ ತಕ್ಷಣ ಮಾತು ಶುರು. "ಅಜ್ಜಿ, ನಿಮ್ಮ ಕೈಯ ಹುಳಿಪುಡಿ ತುಂಬಾ ಚೆನ್ನಾಗಿರತ್ತಂತೆ." ಪುಡಿ ಮಾಡಿಕೊಟ್ಟೆ. "ಅಜ್ಜಿ, ಶನಿವಾರ ಪೂಜೆ ಇದೆ, ಹೋಳಿಗೆಗೆ ಸ್ವಲ್ಪ ಕೈ ಹಾಕ್ತೀರಾ?" ಹೋದೆ, ಬೆಳಗಿಂದ ಮಧ್ಯಾಹ್ನದವರೆಗೆ ತಟ್ಟಿದೆ. "ನಿಮ್ ಮಗಳು ಒಂದೇ ಮಗೂಗೆ ಯಾಕೆ ಸಾಕು ಅಂದ್ಲು?" ಅದಕ್ಕೆ ನಾನೇನು ಹೇಳಲಿ? ಬೇರೆಯವರಾಗಿದ್ದರೆ ನಿನಗ್ಯಾಕೆ ಅನ್ನುತ್ತಿದ್ದೆ. ಅವಳ ಕಾರಿನಲ್ಲಿ ಕೂತು ಅವಳಿಗೆ ಹಾಗನ್ನಲು ನಾಲಿಗೆ ಏಳಲಿಲ್ಲ. ನನ್ನ ನಾಲಿಗೆ ಏಳದ ದಿನ ನಮ್ಮ ಮನೆಯವರು ಯಾರೂ ನೋಡಿರಲಿಲ್ಲ.

ಪೂಜೆಯ ದಿನ ಊಟಕ್ಕೆ ಬಡಿಸುವಾಗ ಅವಳು ಇನ್ನೊಬ್ಬಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ನಾನೇ ದಿನಾ ಬಿಡೋದು ಕಣ್ರೀ. ಪಾಪ, ಮನೇಲಿ ಯಾರಿಗೂ ಪುರುಸೊತ್ತಿಲ್ಲ."

ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ಆದರೆ ಆ "ಪಾಪ" ಕೇಳಿದ ಮೇಲೆ ಹೋಳಿಗೆ ಮುಟ್ಟದೆ ಎದ್ದುಬಿಟ್ಟೆ. ಗಂಡ ಸತ್ತ ಮೇಲೆ ನಾನು ಹೊಲ ಗುತ್ತಿಗೆಗೆ ಕೊಟ್ಟು, ಹಸು ಕಟ್ಟಿ, ಮಗಳನ್ನು ಓದಿಸಿದವಳು. ಯಾರ ಬಾಯಲ್ಲೂ ಪಾಪ ಅನ್ನಿಸಿಕೊಂಡಿರಲಿಲ್ಲ. ಮಗಳ ಮನೆಗೆ ಬಂದು ಕೂತಾಗಲೂ ಅಳುಕು ಇತ್ತು, ಹೆಣ್ಣು ಕೊಟ್ಟ ಮನೆಯ ಅನ್ನ ಅಂತ. ಆ ಅಳುಕನ್ನು ಮರೆಸಿದ್ದೇ ಆ ವ್ಯಾನು.

ಅವತ್ತು ಸಂಜೆ ಅಳಿಯನಿಗೆ ಹೇಳಿದೆ. "ಸೋಮವಾರದಿಂದ ವ್ಯಾನಿಗೆ ಹೇಳ್ಬುಡು."

"ಯಾಕತ್ತೆ? ಅವ್ರು ಪ್ರೀತಿಯಿಂದ ಬರ್ತಿದಾರೆ. ಇದೇ ನಾನ್ ಹೇಳಿದ್ದು. ಸರ್ಕಾರ ಇಲ್ದೇನೂ ನಡೀತಲ್ಲ!"

"ನಡೀತು. ಯಾರಿಲ್ಲ ಅಂದ್ರು? ಆದ್ರೆ ಪ್ರೀತಿಗೆ ಬಾಯಿ ಐತೆ ಕನ್ಲಾ. ವ್ಯಾನಿಗೆ ಇಲ್ಲ. ನಂಗೆ ಯಾರ ಹಂಗೂ ಬ್ಯಾಡ."

ಅವನು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತ. ಆಮೇಲೆ, ಜಗಳಕ್ಕಲ್ಲ, ನಿಧಾನವಾಗಿ ಹೇಳಿದ. "ವ್ಯಾನೂ ಯಾರದೋ ದುಡ್ಡೇ ಅತ್ತೆ. ಅವ್ರು ಕೊಡ್ತೀನಿ ಅಂತ ಕೊಟ್ಟಿದ್ದಲ್ಲ, ಕಿತ್ಕೊಂಡಿದ್ದು. ಅವ್ರ ಮುಖ ನಿಂಗೆ ಕಾಣಲ್ಲ, ಅಷ್ಟೆ."

"ಕಾಣ್ದೇ ಇರೋದೇ ನಂಗೆ ಬೇಕಾಗಿರೋದು."

"ಇದು ಸರೀನಾ?"

"ಸರಿಯೋ ತಪ್ಪೋ ನಂಗೊತ್ತಿಲ್ಲ. ನಿಂಗೆ ಸರ್ಕಾರದ ಹಂಗು ಬ್ಯಾಡ, ನಂಗೆ ಮನುಷ್ಯರ ಹಂಗು ಬ್ಯಾಡ. ನೀನು ನಿಂದು ನೋಡ್ಕೋ, ನಾನು ನಂದು ನೋಡ್ಕೋತೀನಿ."

ಅವನು ಎದ್ದುಹೋಗಿ ಸೆಂಟರಿಗೆ ಹೇಳಲು ಫೋನು ತೆಗೆದ. ವ್ಯಾನು ಮತ್ತೆ ಬರತೊಡಗಿತು. ನಾನಿಲ್ಲದ ದಿನಗಳಲ್ಲಿ ಪಂಜಾಬಿಯವಳು ಚೌಕಾಬಾರದ ನಿಯಮ ಬದಲಾಯಿಸಿಬಿಟ್ಟಿದ್ದಳು. ಅದನ್ನು ಸರಿಮಾಡಲು ಸಾಕುಬೇಕಾಯಿತು.

ನಾನೂ ಇಲ್ಲಿನ ಸಿಟಿಜನ್ ಆಗಿದ್ದರಿಂದ ಆಮೇಲೆ ನನ್ನ ಹೆಸರಿಗೂ ಓಟಿನ ಕಾಗದ ಅಂಚೆಯಲ್ಲಿ ಬಂತು. ಇಲ್ಲಿ ಮನೆಯಲ್ಲೇ ಕೂತು ತುಂಬಿ ಕಳಿಸಬಹುದು. ನಮ್ಮ ಕಡೆ ಓಟು ಅಂದರೆ ಮನೆಗೆಲ್ಲ ಒಂದೇ, ಯಜಮಾನ ಯಾವ ಗುರುತು ಹೇಳಿದರೆ ಆ ಗುರುತು. ಇಲ್ಲಿ ಯಜಮಾನನೇ ನಿಂತಿದ್ದಾನೆ. ಮಗಳು ಪೆನ್ನು ತಂದು ಅವನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲಿ ತುಂಬು" ಅಂದಳು.

"ಬೆರಳು ತೆಗಿ" ಅಂದೆ.

"ಅಮ್ಮ! ಸ್ವಂತ ಅಳಿಯ!"

"ಅಜ್ಜಿ, ಇಟ್ಸ್ ಎ ಸೀಕ್ರೆಟ್ ಬ್ಯಾಲೆಟ್" ಅಂತ ಮೊಮ್ಮಗಳು ನಕ್ಕಳು.

ಅಳಿಯ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ. ಅಲ್ಲಿಂದಲೇ ಕೂಗಿ, "ಬಿಡೇ, ಅತ್ತೆ ಓಟು ಅತ್ತೇದು. ಬಲವಂತ ಮಾಡೋಕೆ ನಾವ್ಯಾರು?" ಅಂದ. ಹಿತ್ತಲ ರೂಮು ನನಗಾಗಿ, ಈ ಒದ್ದಾಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು, ಎಲ್ಲ ನನಗೆ ಗೊತ್ತು. ಅವನಿಗೇ ಹಾಕಿಬಿಡೋಣ ಅಂತ ಕೈ ಹೋಯಿತು ಕೂಡ. ಹಾಕಿದ್ದರೆ ಅದು ರೂಮಿನ ಹಂಗಿಗೆ ಹಾಕಿದ ಓಟಾಗುತ್ತಿತ್ತು. ಎರಡನೆಯ ಸಲ ಹಂಗು ಬೇಡ ಅಂತ ಇನ್ನೊಬ್ಬರ ಹೆಸರು ತುಂಬಿ, ಲಕೋಟೆಯ ಮೇಲೆ ಕನ್ನಡದಲ್ಲಿ ಸಹಿ ಹಾಕಿದೆ.

ಮುದ್ದೆ ಬಡಿಸುವಾಗ ಅವನಿಗೆ ಹೇಳಿಯೂ ಹೇಳಿದೆ. "ನಿಂಗೆ ಹಾಕ್ಲಿಲ್ಲ ಕನ್ಲಾ."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಮುಖ ಸಣ್ಣಗಾಯಿತು. ಸ್ಕೂಟರಿಗೆ ಚೀಲ ಕಟ್ಟುವ ಹುಡುಗನ ಮುಖವಲ್ಲ, ಬೇರೆ.

"ಮತ್ಯಾರಿಗೆ?" ಅಂದ.

"ಸೀಕ್ರೆಟ್ಟು."

ಆಗ ನಕ್ಕ. "ಇನ್ನೊಂದ್ ಸೌಟು ಸಾರ್ ಹಾಕು" ಅಂದ.

ಇಲ್ಲಿ ಮೊದಲ ಸುತ್ತಿನಲ್ಲಿ ಹೆಚ್ಚು ಓಟು ಬಂದ ಇಬ್ಬರೇ ಎರಡನೆಯದಕ್ಕೆ ಹೋಗುವುದು. ಅವನು ಮೊದಲ ಸುತ್ತಿನಲ್ಲೇ ಸೋತ. ನನ್ನ ಒಂದು ಓಟಿನಿಂದ ಗೆಲುವಾಗುವಂಥ ಸೋಲಲ್ಲ ಅದು. ಮಗಳು ಮಾತ್ರ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಸೋತ ವಾರ ಒಂದು ಬೆಳಿಗ್ಗೆ ಅವನು ಲುಂಗಿ ಉಟ್ಟುಕೊಂಡು ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ ತನ್ನ ಹೆಸರಿನ ಬೋರ್ಡುಗಳನ್ನು ಕೀಳುತ್ತಿದ್ದ. ಆ ಹೊತ್ತಿಗೆ ವ್ಯಾನು ಬಂತು. ಬೋರ್ಡು ಕಂಕುಳಲ್ಲಿ ಇಟ್ಟುಕೊಂಡೇ ಬಂದು ನನ್ನ ಕೈ ಹಿಡಿದು ಹತ್ತಿಸಿದ.

"ಅತ್ತೆ, ಮುಂದಿನ್ ಸಲ ನಿಂತ್ರೆ?"

"ಹಾಕ್ತೀನಿ. ಮೊದ್ಲು ಆ ಪರ್ಮಿಟ್ಟಿನ ಆಫೀಸು ಮುಚ್ಸು. ಆಮೇಲೆ ಬೇರೆ ಎಲ್ಲಾನೂ ಮುಚ್ಸು. ಈ ವ್ಯಾನೊಂದ್ ಬುಟ್ಟು."

ಫಿಲಿಪೀನ್ಸಿನವನು ನನಗೆ ಬೆಲ್ಟು ಹಾಕಿದ. ಅಳಿಯ ಬಾಗಿಲಿನ ಹತ್ತಿರವೇ ನಿಂತಿದ್ದ.

"ಊರೆಲ್ಲಾ ಬಾಗಿಲು ತಟ್ದೆ ಅತ್ತೆ" ಅಂದ. "ಎಲ್ರೂ ಇದನ್ನೇ ಹೇಳಿದ್ದು. ಒಬ್ಬೊಬ್ರಿಗೆ ಒಂದೊಂದ್ ವ್ಯಾನು."