ಟಿವಿಗೆ ಬೆನ್ನು ಹಾಕಿ ಟಿವಿ ಆರಿಸಿದವನು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ರೇಡಿಯೋ ಎಂದು. ಕ್ಷೌರದಂಗಡಿ ಇಟ್ಟು ಇಪ್ಪತ್ತೆಂಟು ವರ್ಷ. ಅಷ್ಟೂ ವರ್ಷ ಕತ್ತರಿ ನಿಂತರೂ ಬಾಯಿ ನಿಂತದ್ದಿಲ್ಲ. ಅವನ ಷಡ್ಡಕನಿಗೂ ಪಕ್ಕದ ಮನೆಯವನಿಗೂ ಒಂದು ಕಾಂಪೌಂಡ್ ಗೋಡೆಯ ಜಗಳವಿತ್ತು. ಅದರ ಕತೆಯನ್ನೇ ಎರಡು ವರ್ಷದಿಂದ, ತಲೆಗಿಷ್ಟು ಎಂದು, ಎಳೆದುಕೊಂಡು ಬಂದಿದ್ದ ಪುಣ್ಯಾತ್ಮ.

ಎದುರಿಗೆ ಹೊಸ ಸಲೂನು ಬಂತು, ಅದರೊಳಗೆ ದೊಡ್ಡ ಟಿವಿ ಬಂತು. ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು. ರೇಡಿಯೋ ಹೇಗೋ ಸಹಿಸಿಕೊಂಡ. ಆದರೆ ಅಂಗಡಿಯ ಮೊದಲ ದಿನದಿಂದ ತಲೆ ಕೊಟ್ಟಿದ್ದ ಮೇಷ್ಟ್ರೂ ಅತ್ತ ಹೋದಾಗ ಅವನ ಹೊಟ್ಟೆಗೆ ಬೆಂಕಿ ಬಿತ್ತು. "ಟಿವಿ ತಂದು ಮೇಷ್ಟ್ರನ್ನ ವಾಪಸ್ ಕರೆಸ್ದೆ ಇದ್ರೆ ಕತ್ತರಿ ಮುಟ್ಟಲ್ಲ ನೋಡು," ಎಂದು ಹೆಂಡತಿಯ ಮುಂದೆ ಹಾರಾಡಿದ.

"ಕತ್ತರಿ ಇರ್ಲಿ, ಮಾತು ಸ್ವಲ್ಪ ಬಿಡಿ. ಅಷ್ಟೇ ಸಾಕು," ಎಂದಳು ಅವಳು.

ಟಿವಿ ಅಂಗಡಿಯಲ್ಲಿ ಅವನು ಜೇಬಿನಿಂದ ಕೈಗನ್ನಡಿ ತೆಗೆದು, ಟಿವಿಗಳ ಸಾಲಿಗೆ ಬೆನ್ನು ಹಾಕಿ ನಿಂತ.

"ಸಾರ್, ಟಿವಿ ಈ ಕಡೆ ಇದೆ," ಎಂದಳು ಮಾರಾಟದವಳು.

"ಗೊತ್ತಮ್ಮ. ನನ್ನ ಅಂಗಡೀಲಿ ಎದುರಿನ ಗೋಡೆ ಪೂರ್ತಿ ಕನ್ನಡಿ. ಟಿವಿ ಗಿರಾಕಿ ಬೆನ್ನ ಹಿಂದೇನೇ ಹಾಕ್ಬೇಕು. ಕನ್ನಡೀಲಿ ಅಂಕಿಯೆಲ್ಲ ಉಲ್ಟಾ. ಗೆದ್ದೋರ್ಯಾರು ಸೋತೋರ್ಯಾರು ಅಂತ ಗೊತ್ತಾಗ್ಬೇಡ್ವಾ?"

ಅವಳು ನಗು ನುಂಗಿಕೊಂಡು ಎಚ್‌ಡಿಎಂಐ ತೂತುಗಳನ್ನು ತೋರಿಸಿದಳು. ಚಿತ್ರವೂ ಧ್ವನಿಯೂ ಒಂದೇ ತಂತಿಯಲ್ಲಿ ಡಿಜಿಟಲ್ ಆಗಿಯೇ ಬರುತ್ತವಂತೆ. ನಡುವೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸಿದರೆ ಅದು ಚಿತ್ರವನ್ನು ಎಡಬಲ ಮಾಡಿಕೊಡುತ್ತದಂತೆ. "ಫುಲ್ ಎಚ್‌ಡಿ ಸಾರ್. ಗಡ್ಡದ ಒಂದೊಂದು ಕೂದಲೂ ಕಾಣ್ಸುತ್ತೆ."

"ಅದನ್ನ ನೋಡೋಕೆ ನನಗೆ ಟಿವಿ ಬೇಕೇನಮ್ಮ?" ಎಂದ ರೇಡಿಯೋ. ಆದರೂ ನಾಲ್ಕು ತೂತಿನದ್ದನ್ನೇ ಆರಿಸಿದ. ಎದುರಂಗಡಿಯದಕ್ಕೆ ಮೂರೇ ಇದ್ದವಂತೆ.

ಟಿವಿಯೂ ಆ ಪೆಟ್ಟಿಗೆಯೂ ಅಂಗಡಿಗೆ ಬಂದ ಮೇಲೆ ಕುರ್ಚಿಯವನಿಗೆ ಕನ್ನಡಿಯಲ್ಲಿ ಎಲ್ಲ ಸರಿಯಾಗಿ ಕಂಡಿತು. ಪಕ್ಕದ ಬೆಂಚಿನವರಿಗೆ ಟಿವಿಯಲ್ಲಿ ಎಲ್ಲ ಉಲ್ಟಾ. ಹಾಗಾಗಿ ಅವರೂ ಟಿವಿಗೆ ಬೆನ್ನು ತಿರುಗಿಸಿ ಕನ್ನಡಿಯನ್ನೇ ನೋಡತೊಡಗಿದರು. ರೇಡಿಯೋ ಷಡ್ಡಕನ ಗೋಡೆಯ ಸುದ್ದಿ ಎತ್ತಿದರೆ ಬೆಂಚಿನ ತುದಿಯ ಆಸಾಮಿ "ಶ್!" ಎನ್ನುವನು. ಅಂಗಡಿ ತುಂಬಿತ್ತು, ಬಾಯಿಗೆ ಬೀಗ ಬಿದ್ದಿತ್ತು. ಅವನಿಗೆ ಅಳು ಬರುವಷ್ಟು ಬೇಜಾರು.

ಮೂರನೆಯ ಭಾನುವಾರ ಮೇಷ್ಟ್ರು ಬಂದೇಬಿಟ್ಟರು! ರೇಡಿಯೋ ಓಡಿಹೋಗಿ ಕುರ್ಚಿ ಒರೆಸಿ ಕೂರಿಸಿದ. "ಫುಲ್ ಎಚ್‌ಡಿ ಮೇಷ್ಟ್ರೆ!" ಎನ್ನುತ್ತ ಟಿವಿಯ ಸದ್ದು ಏರಿಸಿದ.

ಮೇಷ್ಟ್ರ ಮುಖ ಸಪ್ಪಗಾಯಿತು. "ಅಯ್ಯೋ, ನೀನೂ ತಂದ್ಬಿಟ್ಯಾ? ಒಂದ್ಸಲ ನೋಡೋಣ ಅಂತ ಅಲ್ಲಿಗೆ ಹೋದೆ ಕಣಯ್ಯ. ಆಮೇಲೆ ನಿನ್ನ ಹತ್ರ ಬರೋಕೆ ಮುಖ ಇರ್ಲಿಲ್ಲ. ಆ ಗೋಡೆ ಏನಾಯ್ತೋ ಅಂತ ಮೂರು ತಿಂಗಳಿಂದ ತಲೆ ಕೊರೀತಾ ಇದೆ."

ರೇಡಿಯೋ ಮಿಕಿಮಿಕಿ ನೋಡಿದ. ಮೇಷ್ಟ್ರ ಕೊರಳಿಗೆ ಕಟ್ಟಲೆಂದು ಕೊಡವಿದ್ದ ಬಿಳಿ ಬಟ್ಟೆ ಕೈಯಲ್ಲೇ ಇತ್ತು. ಟಿವಿ ಆರಿಸಿ, ಆ ಬಟ್ಟೆಯನ್ನು ಟಿವಿಗೇ ಹೊದಿಸಿದ. ಬೆಂಚಿನವರು ಹೋ ಎಂದು ಕೂಗಿದರು.

"ಗೋಡೆ ಬಿತ್ತು ಮೇಷ್ಟ್ರೆ," ಎಂದ. "ಆದ್ರೆ ಬಿದ್ದದ್ದು ಯಾರ ಕಡೆಗೆ ಅಂತ ಕೇಳಿ."

"ಯಾರ ಕಡೆಗಪ್ಪಾ?" ಎಂದು ಕೇಳಿದವನು ಬೆಂಚಿನ ತುದಿಯ ಆಸಾಮಿ.