ಸೊನ್ನೆಯಾದ ಅತ್ತೆ

ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಪುಟ್ಟರಾಜು ಇಪ್ಪತ್ತೆರಡು ವರ್ಷದಿಂದ ರೈಟರ್. ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂದು ತೂಗಿ ಬರೆಯುವುದೇ ಕೆಲಸ. ಒಂದು ಕಿಲೋ ಆಚೀಚೆ ಮಾಡಿದವನಲ್ಲ, ಪುಣ್ಯಾತ್ಮ. ಹೆಂಡತಿಯ ತಾಯಿ ರಂಗಮ್ಮ ಅಲ್ಲೇ ಪಿಕಿಂಗಿಗೆ ಬರುತ್ತಿದ್ದರೂ ಅಷ್ಟೇ.

ಪಿಕಿಂಗ್ ಮುಗಿದ ದಿನ ಕಣದಲ್ಲಿ ಎಲ್ಲರಿಗೂ ಊಟ. ಹೆಚ್ಚು ಕೊಯ್ದವರನ್ನು ಧಣಿಯ ಕುರ್ಚಿಯಲ್ಲಿ ಕೂರಿಸುವುದು ಅಲ್ಲಿನ ಪದ್ಧತಿ. ಈ ಸಲ ಕುರ್ಚಿ ರಂಗಮ್ಮನಿಗೇ ಎಂದು ಕೂಲಿಯವರ ಲೈನ್ ಮನೆಗಳಲ್ಲೆಲ್ಲ ಮಾತು. ಆಕೆ ಹೊಸ ರವಿಕೆಯನ್ನೂ ಹೊಲಿಸಿಟ್ಟಿದ್ದಳು.

ಬೆಳಿಗ್ಗೆ ಪುಟ್ಟರಾಜು ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ಓದದೆಯೇ ತೂಕದ ಶೆಡ್ಡಿನ ಬಾಗಿಲಿಗೆ ಅಂಟಿಸಿಬಿಟ್ಟ. ಮೊದಲ ಹೆಸರು ಕೂಸಪ್ಪ! ಗಿಡದ ಬುಡದಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂರುವ ಆಸಾಮಿ, 987 ಕಿಲೋ. ರಂಗಮ್ಮನಿಗೆ ಸೊನ್ನೆ.

"ಏನ್ ಅಳಿಯಂದ್ರೇ, ಒಂದ್ ತಿಂಗ್ಳು ನಾನ್ ಕೊಯ್ದಿದ್ದು ಗಾಳಿನಾ?"

ಪುಟ್ಟರಾಜು ಓಡಿಹೋಗಿ ಕಂಪ್ಯೂಟರ್ ತೆರೆದು ನೋಡಿದ. ತೂಕದ ಹೊಸ ಪ್ರೋಗ್ರಾಂ ಕಾಫಿ ಕೊಳ್ಳುವ ಪರದೇಶದವರದು. ಅವರು ಸಾವಿರದ ಅಂಕಿಯ ಮುಂದೆ ನಮ್ಮ ಹಾಗೆ ಅಲ್ಪವಿರಾಮ ಹಾಕದೆ ಜಾಗ ಬಿಡುತ್ತಾರೆ: 1 286. ಆಫೀಸಿನ ಕಂಪ್ಯೂಟರ್ ಅದನ್ನು ಅಂಕಿಯೆಂದೇ ಒಪ್ಪಲಿಲ್ಲ. ಹೀಗಾಗಿ ಸಾವಿರ ದಾಟಿದ ಗಟ್ಟಿಗರೆಲ್ಲ ಸೊನ್ನೆ, ದಾಟದ ಕೂಸಪ್ಪ ರಾಜ. ಅವನಾಗಲೇ ತಲೆ ಬಾಚಿಕೊಂಡು ಬಂದಿದ್ದ.

ಪೆನ್ನಿನಲ್ಲಿ ತಿದ್ದಿ ಅತ್ತೆಯ ಹೆಸರು ಮೇಲೆ ಬರೆಯಲು ಎಷ್ಟು ಹೊತ್ತು? ಆದರೆ ರೈಟರ್ ಅತ್ತೆಗೆ ಹೆಚ್ಚು ಬರೆದ ಎಂಬ ಮಾತು ಸಾಯುವತನಕ ಬೆನ್ನು ಬಿಡುತ್ತಿರಲಿಲ್ಲ. ಎಲ್ಲರೆದುರು ಕಂಪ್ಯೂಟರಿನಲ್ಲೇ ಸರಿಮಾಡಲು ಕೂತ. ಖಾಲಿ ಜಾಗ ಹುಡುಕಿ ತೆಗೆ ಎಂದರೆ ಅದು 'ಒಂದೂ ಸಿಗಲಿಲ್ಲ' ಎಂದಿತು. ಕಣ್ಣಿಗೆ ಕಾಣುತ್ತಿದೆಯಲ್ಲೋ ಮಾರಾಯ!

ಹಿಂದೆ ನಿಂತಿದ್ದ ರಂಗಮ್ಮ ಬಗ್ಗಿ ನೋಡಿದಳು. "ಜಳ್ಳು ಕಾಯಿ ನೋಡಾಕೆ ಕಾಯಿ, ಒಳಗೆ ಖಾಲಿ. ಇದು ಉಲ್ಟಾ ಇರ್ಬೇಕು. ಖಾಲಿ ಕಂಡ್ರೂ ಏನೋ ಕೂತೈತೆ. ಅದನ್ನೇ ಹಿಡ್ಕಂಡು ಕೀಳಿ."

ಪುಟ್ಟರಾಜು 1 286ರ ಒಂದಕ್ಕೂ ಎರಡಕ್ಕೂ ನಡುವಿನ ಆ ಖಾಲಿಯನ್ನೇ ಕಾಪಿ ಮಾಡಿ ಹುಡುಕಲು ಕೊಟ್ಟ. ಅರುವತ್ತೊಂದು ಸಿಕ್ಕವು! ಸಾಲಿನ ತುದಿಯಲ್ಲಿ ಅಂಕಿ ತುಂಡಾಗದಿರಲೆಂದು ಹಾಕುವ ಅಂಟಿನಂಥ ಖಾಲಿ ಅದು, ಸಾದಾ ಖಾಲಿಯಲ್ಲ. ತೆಗೆದದ್ದೇ ತಡ, ಪಟ್ಟಿ ಮಗುಚಿ ಬಿತ್ತು.

ಮೊದಲು ಜವರಿ, 1291. ಎರಡನೆಯದು ರಂಗಮ್ಮ, 1286.

ಅತ್ತೆಯ ಮುಖ ನೋಡಲು ಪುಟ್ಟರಾಜುವಿಗೆ ಧೈರ್ಯ ಸಾಲಲಿಲ್ಲ.

"ಕೈಯಲ್ಲಿ ತಿದ್ದಿದ್ರೆ ನನ್ನೇ ಮೇಲೆ ಹಾಕ್ತಿದ್ರಿ, ಅಲ್ವರಾ?"

"ಹೂಂ ಅತ್ತೆ."

"ಸದ್ಯ, ಮಾನ ಉಳೀತು ಬಿಡಿ!" ರಂಗಮ್ಮ ಕುರ್ಚಿಯನ್ನು ತಾನೇ ಎಳೆದು, ನಾಚುತ್ತಿದ್ದ ಹುಡುಗಿ ಜವರಿಯ ರಟ್ಟೆ ಹಿಡಿದು ಕೂರಿಸಿದಳು. "ಕೂತ್ಕೊ ಕಣೆ. ಬರೋ ವರ್ಷ ಏಳಿಸ್ತೀನಿ."